ಎದೆಯ ಮೇಲೆ 420 ಬರೆಸಿಕೊಂಡ ತಮ್ಮನಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಾ,

ನಿನ್ನ ಹೆಸರು ನಾನು ಕೇಳಲಿಲ್ಲ. ಹೋದ ತಿಂಗಳು ಅರಸೀಕೆರೆ ಕಡೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ನೀನು ನನ್ನೆದುರಿನ ಸೀಟಿನಲ್ಲಿ ಕೂತಿದ್ದೆ. ನಾನು ತಿಪಟೂರಿನಲ್ಲಿ ಹತ್ತಿದವನು. ಬಿಳಿ ಅಂಗಿ, ಕನ್ನಡಕ, ತೊಡೆಯ ಮೇಲೆ ದಾರ ಕಟ್ಟಿದ ಫೈಲು. ನೀನು ಕಪ್ಪು ಟೀ ಶರ್ಟ್ ತೊಟ್ಟಿದ್ದೆ. ಅದರ ಎದೆಯ ಮೇಲೆ ಅಂಗೈ ಅಗಲದ ಹಸಿರು ಅಂಕಿಗಳಲ್ಲಿ 420 ಎಂದು ಬರೆದಿತ್ತು.

ನನ್ನ ಪಕ್ಕದಲ್ಲಿ ಗುಬ್ಬಿಗೆ ಹೊರಟಿದ್ದ ಅಜ್ಜಿಯೊಬ್ಬರಿದ್ದರು. ಅವರಿಗೆ ಕಣ್ಣು ಮಂಜು. "ಅದೇನಪ್ಪ ಹುಡುಗನ ಅಂಗಿ ಮೇಲೆ ನಂಬರು?" ಎಂದು ನನ್ನನ್ನು ಕೇಳಿದರು. ನಾನು ಓದಿ ಹೇಳಿದೆ. ಹೇಳಿದ್ದು ಸ್ವಲ್ಪ ಜೋರಾಯಿತು. "ಫೋರ್ ಟ್ವೆಂಟಿ ಅಂತ ಬರೆಸ್ಕೊಂಡವ್ನೆ ಅಜ್ಜಿ." ಸುತ್ತ ಕೂತಿದ್ದ ನಾಲ್ಕೈದು ಜನ ನಕ್ಕರು. ಅಜ್ಜಿ ನಗಲಿಲ್ಲ. ನಿನ್ನ ಕಡೆ ಬಗ್ಗಿ, "ಅಯ್ಯೋ ಮಗಾ, ಯಾರಪ್ಪ ನಿನ್ ಮೈಮೇಲೆ ಹಂಗ್ ಬರ್ದೋರು?" ಅಂದರು.

ನೀನು ಕೆಂಪಗಾದೆ. "ಅಂಕಲ್, ಇದು ಆ ಫೋರ್ ಟ್ವೆಂಟಿ ಅಲ್ಲ. ಇದು ಅಮೆರಿಕದ್ದು. ಅಲ್ಲಿ ಗಾಂಜಾ ಕೇಸಿಗೆ ಪೊಲೀಸರ ಕೋಡು" ಎಂದೆ. ಕಿಟಕಿ ಪಕ್ಕದ ಹಿರಿಯರೊಬ್ಬರು, "ಯಾವ ಅಮೆರಿಕ? ಅದು ರಾಜ್ ಕಪೂರ್ ಪಿಕ್ಚರಿಂದ ಬಂದ ಮಾತು" ಎಂದರು. ಮೇಲಿನ ಬರ್ತಿನಲ್ಲಿ ಕಾಲು ಇಳಿಬಿಟ್ಟಿದ್ದವರು ಮತ್ತೇನೋ ಹೇಳಿದರು. ಎಲ್ಲರೂ ಮಾತಾಡುತ್ತಿದ್ದಾಗ ನೀನು ಮೆಲ್ಲಗೆ ಬ್ಯಾಗು ಎತ್ತಿ ಎದೆಗೆ ಅವುಚಿಕೊಂಡೆ. ತುಮಕೂರಿನಲ್ಲಿ ಇಳಿಯುವವರೆಗೂ ಅದನ್ನು ಕೆಳಗಿಡಲಿಲ್ಲ.

ಆ ಬ್ಯಾಗು ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನಮ್ಮಪ್ಪ ಟವೆಲನ್ನು ಹಾಗೆಯೇ ಮುಖದ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಕಾರಣವೂ ಇದೇ ಅಂಕಿ. ಆ ಕಥೆ ಗೊತ್ತಿದ್ದೂ ನಾನು ತುಂಬಿದ ಬೋಗಿಯಲ್ಲಿ ಆ ಮಾತನ್ನು ನಿನ್ನ ಮೇಲೆ ಕೂಗಿದೆ. ಅದು ತಪ್ಪು. ಕ್ಷಮೆ ಕೇಳಲು ವಿಳಾಸವಿಲ್ಲ, ಅದಕ್ಕೇ ಈ ಬಹಿರಂಗ ಪತ್ರ. ಕ್ಷಮೆಯ ಜೊತೆಗೆ ಆ ಅಂಕಿಯ ವಿಷಯವೂ ನಿನಗೆ ಹೇಳಬೇಕಾಗಿದೆ. ಅದರೊಂದಿಗೆ ನನ್ನ ಒಡನಾಟ ನಿನ್ನ ವಯಸ್ಸಿಗಿಂತ ದೊಡ್ಡದು. ಮೂವತ್ತೊಂದು ವರ್ಷದಿಂದ ನಾನು ನ್ಯಾಯಾಲಯದ ಆವರಣದ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ದೂರು, ಅಫಿಡವಿಟ್ಟು, ಕರಾರುಪತ್ರ ಟೈಪು ಮಾಡುತ್ತಿದ್ದೇನೆ. ಮೊದಲು ಮೆಷಿನ್ನು, ಈಗ ಕಂಪ್ಯೂಟರು. ಹಳೆಯ ಮೆಷಿನ್ನಿನಲ್ಲಿ ಸೊನ್ನೆಯ ಅಚ್ಚು ಚೂಪಾಗಿತ್ತು, ಬಡಿದರೆ ಕಾಗದ ತೂತಾಗುತ್ತಿತ್ತು. ದೂರಿನ ಹಾಳೆಯನ್ನು ಬಿಸಿಲಿಗೆ ಹಿಡಿದರೆ 420ರ ಸೊನ್ನೆಯೊಳಗಿಂದ ಬೆಳಕು ತೂರಿ ಬರುತ್ತಿತ್ತು.

ಮೊದಲು ನಿನ್ನ 420. ಆ ರಾತ್ರಿಯೇ ಕೂತು ಓದಿದೆ. ನೀನು ಹೇಳಿದ್ದರಲ್ಲಿ ಅರ್ಧ ಸರಿ. ಅದು ಬೇರೆಯದೇ 420, ನಮ್ಮದಕ್ಕೂ ಅದಕ್ಕೂ ರಕ್ತಸಂಬಂಧವಿಲ್ಲ. ಆದರೆ ಪೊಲೀಸರ ಕೋಡು ಎನ್ನುವುದು ಸುಳ್ಳು. ಕ್ಯಾಲಿಫೋರ್ನಿಯಾದ ದಂಡ ಸಂಹಿತೆಯಲ್ಲೂ ಒಂದು 420ನೇ ಕಲಂ ಇದೆ. ಅದು ಸರ್ಕಾರಿ ಜಮೀನಿನ ಮೇಲೆ ಹೋಗಿಬರುವವರಿಗೆ ಅಡ್ಡಿಪಡಿಸುವುದರ ಬಗ್ಗೆ. ಗಾಂಜಾದ ಸೊಲ್ಲೇ ಅದರಲ್ಲಿಲ್ಲ.

ನಿಜ ಕಥೆ ಇದಕ್ಕಿಂತ ಸಣ್ಣದು, ಇದಕ್ಕಿಂತ ಚೆಂದದ್ದು. 1971ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ರಫೆಲ್ ಊರಿನ ಹೈಸ್ಕೂಲಿನಲ್ಲಿ ಐದು ಜನ ಹುಡುಗರಿದ್ದರು. ಒಂದು ಗೋಡೆಯ ಬಳಿ ಕೂತು ಹರಟುತ್ತಿದ್ದರಿಂದ ಅವರಿಗೆ ವಾಲ್ಡೋಸ್ ಎಂದು ಹೆಸರು. ಪಾಯಿಂಟ್ ರೇಯೆಸ್ ಎಂಬ ಕಡಲಂಚಿನಲ್ಲಿ ತೀರರಕ್ಷಣಾ ಪಡೆಯವನೊಬ್ಬ ನೆಟ್ಟು ಕೈಬಿಟ್ಟ ಗಾಂಜಾ ಗಿಡಗಳಿವೆ ಎಂದು ಅವರ ಕೈಗೊಂದು ನಕ್ಷೆ ಸಿಕ್ಕಿತು. ಸಂಜೆ 4 ಗಂಟೆ 20 ನಿಮಿಷಕ್ಕೆ ಶಾಲೆಯ ಲೂಯಿ ಪಾಶ್ಚರ್ ಪ್ರತಿಮೆಯ ಹತ್ತಿರ ಸೇರುವುದು, ಕಾರು ಹತ್ತಿ ಹುಡುಕಲು ಹೊರಡುವುದು. ಹಗಲೆಲ್ಲ ಎದುರಾದಾಗ ಒಬ್ಬರಿಗೊಬ್ಬರು 'ನಾಲ್ಕು ಇಪ್ಪತ್ತು ಲೂಯಿ' ಎಂದು ನೆನಪಿಸಿಕೊಳ್ಳುತ್ತಿದ್ದರು. ವಾರಗಟ್ಟಲೆ ಹುಡುಕಿದರೂ ಗಿಡ ಸಿಗಲಿಲ್ಲ. 'ಲೂಯಿ' ಉದುರಿಹೋಗಿ ಬರೀ ಅಂಕಿ ಉಳಿಯಿತು, ಮನೆಯವರಿಗೆ, ಮೇಷ್ಟರಿಗೆ ತಿಳಿಯದಂತೆ ಗಾಂಜಾ ಎನ್ನಲು ಅದೇ ಗುಟ್ಟಿನ ಮಾತಾಯಿತು. ಆ ಹುಡುಗರಿಗೆ ಗ್ರೇಟ್‌ಫುಲ್ ಡೆಡ್ ಎಂಬ ಹಾಡುಗಾರರ ತಂಡದ ಬಳಗದೊಂದಿಗೆ ಓಡಾಟವಿತ್ತು. ತಂಡದ ಅಭಿಮಾನಿಗಳ ಬಾಯಿಗೆ ಬಿದ್ದ ಮಾತು ಊರೂರು ತಿರುಗಿತು. 1990ರ ಡಿಸೆಂಬರಿನಲ್ಲಿ ಓಕ್ಲೆಂಡಿನಲ್ಲಿ ಹಂಚಿದ ಒಂದು ಕರಪತ್ರ ಹೈ ಟೈಮ್ಸ್ ಪತ್ರಿಕೆಯವರ ಕೈಗೆ ಸಿಕ್ಕಿ, ಅಚ್ಚಾಗಿ, ಲೋಕಕ್ಕೆಲ್ಲ ಹರಡಿತು. ತಮಾಷೆಯೆಂದರೆ ಆ ಕರಪತ್ರದಲ್ಲೇ ಪೊಲೀಸ್ ಕೋಡಿನ ಕಥೆಯೂ ಇತ್ತು! ಮಾತು ಎಷ್ಟು ದೂರ ಹೋಯಿತೋ ಸುಳ್ಳು ಹುಟ್ಟುಕಥೆಯೂ ಅಷ್ಟೇ ದೂರ ಜೊತೆಗೆ ನಡೆಯಿತು.

ಬೇರೆ ಕಥೆಗಳೂ ಇವೆ. ಗಾಂಜಾದಲ್ಲಿ 420 ರಾಸಾಯನಿಕಗಳಿವೆ ಅಂತ ಒಂದು. ಏಪ್ರಿಲ್ 20 ಹಿಟ್ಲರನ ಹುಟ್ಟುಹಬ್ಬ, ಅದಕ್ಕೆ ಅಂತ ಇನ್ನೊಂದು. ಬಾಬ್ ಡಿಲನ್‌ನ ಹಾಡೊಂದರ ಹೆಸರಿನಲ್ಲಿ 12 ಮತ್ತು 35 ಎಂಬ ಅಂಕಿಗಳಿವೆ, ಗುಣಿಸಿದರೆ 420 ಬರುತ್ತದೆ ಅಂತ ಮತ್ತೊಂದು. ಗುಣಾಕಾರ ಸರಿಯೇ, ಕಥೆ ಸರಿಯಲ್ಲ. ವಾಲ್ಡೋಸ್ ಹುಡುಗರು ಹಳೆಯ ಕಾಗದಪತ್ರ ಕಾದಿಟ್ಟುಕೊಂಡಿದ್ದರು, ಆಕ್ಸ್‌ಫರ್ಡ್ ನಿಘಂಟಿನವರು 1974ರ ಅವರ ಶಾಲಾ ಪತ್ರಿಕೆಯ ಸಾಕ್ಷಿ ಹಿಡಿದಿದ್ದಾರೆ. 12 ಗುಣಿಸು 35 ಎಂದು ಓದಿದಾಗ ನನ್ನ ಎದೆ ಧಸಕ್ಕೆಂದಿತು. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಈಗ ನಮ್ಮ 420. ಇದಕ್ಕೆ ಹುಟ್ಟಿದ ದಿನಾಂಕವೇ ಇದೆ. ಮೆಕಾಲೆಯ ಅಧ್ಯಕ್ಷತೆಯ ಕಾನೂನು ಆಯೋಗ 1837ರಲ್ಲಿ ಭಾರತಕ್ಕೊಂದು ದಂಡ ಸಂಹಿತೆಯ ಕರಡು ಕೊಟ್ಟಿತು. ಅದು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಡತದಲ್ಲಿ ಮಲಗಿ, 1860ರಲ್ಲಿ ಕಾಯ್ದೆಯಾಗಿ, 1862ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ 415ನೇ ಕಲಂ ವಂಚನೆ ಎಂದರೇನು ಎಂದು ಹೇಳುತ್ತಿತ್ತು. 417 ಬರೀ ವಂಚನೆಗೆ ಶಿಕ್ಷೆ, ಹೆಚ್ಚೆಂದರೆ ಒಂದು ವರ್ಷ. 419 ಇನ್ನೊಬ್ಬನ ವೇಷ ಹಾಕಿ ಮಾಡಿದ ವಂಚನೆಗೆ. 420 ವಂಚಿಸಿ ಇನ್ನೊಬ್ಬರ ಸ್ವತ್ತು ಕಿತ್ತುಕೊಂಡದ್ದಕ್ಕೆ, ಏಳು ವರ್ಷದವರೆಗೆ ಜೈಲು, ಮೇಲೆ ದಂಡ.

ಇಷ್ಟೊಂದು ಕಲಂಗಳಲ್ಲಿ ಜನ 420ನ್ನೇ ಏಕೆ ಎತ್ತಿಕೊಂಡರು? ನನ್ನ ಮೇಜಿನ ಮುಂದೆ ಕೂತು ನೋಡಿದರೆ ನಿನಗೂ ತಿಳಿಯುತ್ತದೆ. 417 ಹಾಕಿದರೆ ಪೊಲೀಸರು ತಾವಾಗಿ ಕೈಹಾಕುವಂತಿರಲಿಲ್ಲ, ಅದಕ್ಕೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕಿತ್ತು. 420 ಹಾಗಲ್ಲ. ವಾರಂಟಿಲ್ಲದೆ ಹಿಡಿಯಬಹುದಿತ್ತು, ಜಾಮೀನು ಹಕ್ಕಿನಿಂದ ಸಿಗುತ್ತಿರಲಿಲ್ಲ. ದುಡ್ಡು ಕಳೆದುಕೊಂಡು ಬಂದವನು ಬೆವರು ಒರೆಸಿಕೊಂಡು ಹೇಳುವ ಮೊದಲ ಮಾತೇ, "ಸಾಮಿ, ಫೋರ್ ಟ್ವೆಂಟಿ ಹಾಕಿ." ಉಳಿದ ಕಲಂಗಳು ಪುಸ್ತಕದಲ್ಲಿ ಉಳಿದವು, ಬೇಡಿ ಇದ್ದದ್ದು ಜನರ ಬಾಯಿಗೆ ಬಂತು. ಅಲ್ಲಿಂದ ಕೋರ್ಟಿನ ಕಾಂಪೌಂಡು ಹಾರಿ ಸಂತೆಗೆ, ಟೀ ಅಂಗಡಿಗೆ, ಅತ್ತೆ ಸೊಸೆ ಜಗಳಕ್ಕೆ ಹೋಯಿತು. ಫೋರ್ ಟ್ವೆಂಟಿ ಕೆಲಸ, ಫೋರ್ ಟ್ವೆಂಟಿ ನನ್ಮಗ, ಹುಬ್ಬಳ್ಳಿ ಕಡೆಗೆ ಹೋದರೆ ಚಾರ್‌ಸೌಬೀಸ್. ಸಿನಿಮಾದಿಂದ ಬಂತು ಎಂದ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ರಾಜ್ ಕಪೂರರ 'ಶ್ರೀ 420' ಬಂದದ್ದು 1955ರಲ್ಲಿ. ಮಾನ್ಯತೆಯ 'ಶ್ರೀ'ಯ ಪಕ್ಕ ಮೋಸದ ಅಂಕಿ ಇಟ್ಟರೆ ನೋಡುವವರಿಗೆ ಚುರುಕ್ಕೆನ್ನಬೇಕಾದರೆ ಆ ಅಂಕಿಯ ಅರ್ಥ ಮೊದಲೇ ಎಲ್ಲರಿಗೂ ಗೊತ್ತಿರಬೇಕು. ಸಿನಿಮಾ ಮಾತನ್ನು ಹುಟ್ಟಿಸಲಿಲ್ಲ, ಇದ್ದ ಮಾತನ್ನು ಹಳ್ಳಿಹಳ್ಳಿಗೆ ಹೊತ್ತೊಯ್ದಿತು. ಆ ಚಿತ್ರದೊಳಗಿನ ಮೋಸ ನೆನಪಿದೆಯೋ ಇಲ್ಲವೋ, ನೂರು ರೂಪಾಯಿಗೆ ಮನೆ ಕೊಡುತ್ತೇವೆ ಎಂದು ಬಡವರಿಂದ ದುಡ್ಡು ಎತ್ತುವುದು. ಎಪ್ಪತ್ತು ವರ್ಷವಾಯಿತು. ನಾನು ಇವತ್ತಿಗೂ ಅದೇ ದೂರನ್ನು ಟೈಪು ಮಾಡುತ್ತಿದ್ದೇನೆ, ಮನೆಯ ಜಾಗದಲ್ಲಿ ಸೈಟು ಎಂದಿರುತ್ತದೆ ಅಷ್ಟೆ.

ಇಂಥ ಮಾತು ಹುಟ್ಟಿದ್ದು ನಮ್ಮಲ್ಲಿ ಮಾತ್ರವಲ್ಲ. ನೈಜೀರಿಯಾದಲ್ಲಿ ಮೋಸಗಾರನಿಗೆ 419 ಎನ್ನುತ್ತಾರೆ. ಅಲ್ಲಿನ ಕ್ರಿಮಿನಲ್ ಕಾಯ್ದೆಯಲ್ಲಿ ಸುಳ್ಳು ಹೇಳಿ ಸ್ವತ್ತು ಪಡೆಯುವ ಅಪರಾಧ 419ನೇ ಕಲಂ. ನಮ್ಮ ಅಂಕಿಯ ಪಕ್ಕದ ಮನೆಯಲ್ಲೇ ಇದ್ದರೂ ಅದು ಬೇರೆ ಕಾಯ್ದೆ, ಬೇರೆ ವಂಶ. ಲಕ್ಷಾಂತರ ಡಾಲರು ಕೊಡುತ್ತೇವೆ, ಮೊದಲು ಸ್ವಲ್ಪ ಖರ್ಚಿಗೆ ಕಳಿಸಿ ಎಂದು ನಿನಗೂ ಇಮೇಲ್ ಬಂದಿರಬೇಕು, ಲೋಕವೆಲ್ಲ ಅದನ್ನು 419 ಎಂದೇ ಕರೆಯುತ್ತದೆ. ಇತ್ತ ಪಾಕಿಸ್ತಾನ, ಬಾಂಗ್ಲಾದೇಶದಲ್ಲಿ ಮೆಕಾಲೆಯ ಅದೇ ಸಂಹಿತೆ ಇವತ್ತಿಗೂ ಇದೆ, 420 ಅದೇ ಜಾಗದಲ್ಲಿ ಕೂತಿದೆ, ಅದೇ ಬೈಗುಳವಾಗಿ ಓಡಾಡುತ್ತಿದೆ. ಗಡಿ ಬಿದ್ದರೂ ಬೈಗುಳ ಎರಡಾಗಲಿಲ್ಲ.

ಇನ್ನೊಂದು ವಿಷಯ ಬಹಳ ವರ್ಷದಿಂದ ನನ್ನ ತಲೆಯಲ್ಲಿದೆ, ಯಾರಿಗೂ ಹೇಳಿರಲಿಲ್ಲ. ಮೋಸಕ್ಕೆ ನಮ್ಮ ಕನ್ನಡದಲ್ಲಿ ಮಾತಿನ ಬರವಿಲ್ಲ. ಟೋಪಿ ಹಾಕಿದ, ಪಂಗನಾಮ ಹಾಕಿದ, ಕಿವಿ ಮೇಲೆ ಹೂವಿಟ್ಟ, ಮಂಕುಬೂದಿ ಎರಚಿದ. ಒಂದೊಂದನ್ನೂ ನೋಡು. ಟೋಪಿ ಇರುವುದು ಯಾರ ತಲೆಯ ಮೇಲೆ? ಕಳೆದುಕೊಂಡವನ ತಲೆಯ ಮೇಲೆ. ನಾಮ ಅವನ ಹಣೆಯಲ್ಲಿ, ಹೂವು ಅವನ ಕಿವಿಯಲ್ಲಿ, ಬೂದಿ ಅವನ ಮುಖಕ್ಕೆ. ಮೋಸ ಮಾಡಿದವನು ಕೈ ಒರೆಸಿಕೊಂಡು ಹೋಗಿಯಾಗಿದೆ, ಗುರುತೆಲ್ಲ ಮೋಸಹೋದವನ ಮೈಮೇಲೆ. ಊರು ಯಾರನ್ನು ನೋಡಿ ನಗುತ್ತದೋ ಆ ಮಾತುಗಳೂ ಅವನ ಕಡೆಗೇ ಬೆರಳು ತೋರಿಸುತ್ತವೆ. ಚೀಟಿ ದುಡ್ಡು ಮುಳುಗಿಸಿಕೊಂಡ ಹೆಂಗಸರು ಗಂಡನಿಗೂ ಹೇಳದೆ ನನ್ನ ಮೇಜಿನ ಹತ್ತಿರ ಬಂದು ಅಳುವುದು ಇದಕ್ಕೇ. ದುಡ್ಡು ಹೋದ ಸಂಕಟ ಅರ್ಧ, ಟೋಪಿ ಹಾಕಿಸಿಕೊಂಡೆ ಎನ್ನಿಸಿಕೊಳ್ಳುವ ನಾಚಿಕೆ ಅರ್ಧ.

420 ಮಾತ್ರ ಕಳ್ಳನ ಹಣೆಗೆ ಅಂಟುತ್ತದೆ. ಯಾವ ಲಾಯರೂ ಇಲ್ಲದೆ, ಸ್ಟಾಂಪು ಇಲ್ಲದೆ, ಮೋಸಹೋದವನು ಬೀದಿಯಲ್ಲಿ ನಿಂತು ಹಾಕಬಹುದಾದ ಕೇಸು ಅದೊಂದೇ. ವಕೀಲರ ಫೀಸಿಗೆ ದುಡ್ಡಿಲ್ಲದವರು ಎಷ್ಟು ಜನ ನನ್ನ ಮೇಜಿನಿಂದ ಎದ್ದು ಹೋಗುವಾಗ, "ಹೋಗ್ಲಿ ಬಿಡಿ ಸಾಮಿ, ಊರಿಗೆಲ್ಲ ಗೊತ್ತಾಗಿದೆ ಅವನು ಫೋರ್ ಟ್ವೆಂಟಿ ಅಂತ" ಎಂದು ಸಮಾಧಾನ ಮಾಡಿಕೊಂಡಿದ್ದಾರೆ! ಅವರಿಗೆ ಸಿಕ್ಕ ತೀರ್ಪು ಅಷ್ಟೇ. ಅದಕ್ಕೇ ತಮ್ಮಾ, ನಿನ್ನ ಎದೆಯ ಮೇಲೆ ಅದನ್ನು ಕಂಡಾಗ ನನಗೆ ಕಸಿವಿಸಿಯಾದದ್ದು.

ಆದರೆ ಹಣೆಗೆ ಅಂಟುವ ಮಾತು ತಪ್ಪು ಹಣೆಗೂ ಅಂಟುತ್ತದೆ. ಈಗ ಅಪ್ಪನ ವಿಷಯ.

ನಮ್ಮೂರು ಕೊಬ್ಬರಿಯ ಸೀಮೆ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ವರ್ಷ ಹತ್ತಿರ ಹತ್ತಿರ ಹಾಗೇ ಬಿಡಬೇಕು. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನುತ್ತದೆ. ಆಗ ಒಡೆದರೆ ಗಿಟುಕು ಇಡಿಯಾಗಿ ಬರುತ್ತದೆ. ಅಪ್ಪ ಹಳ್ಳಿಗಳಲ್ಲಿ ಕೊಬ್ಬರಿ ಹಿಡಿದು ಮಂಡಿಗೆ ಹಾಕುತ್ತಿದ್ದ ಸಣ್ಣ ವ್ಯಾಪಾರಿ. ಅಟ್ಟದ ಕೆಳಗೆ ನಿಂತು ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇನ್ನು ಎಷ್ಟು ವಾರ ಎಂದು ಹೇಳಿಬಿಡುತ್ತಿದ್ದರು. 1979ರಲ್ಲಿ ಒಬ್ಬ ಮಂಡಿ ಸಾಹುಕಾರರಿಂದ ಆರು ಸಾವಿರ ರೂಪಾಯಿ ಮುಂಗಡ ಹಿಡಿದರು. ದೀಪಾವಳಿಯ ಹೊತ್ತಿಗೆ ಕೊಬ್ಬರಿ ಕೊಡುವ ಮಾತು. ಆ ದುಡ್ಡನ್ನು ನಾಲ್ಕು ತೋಟದವರಿಗೆ ಹಂಚಿದರು, ಅವರ ಅಟ್ಟದಲ್ಲಿ ಕಾಯಿ ಇತ್ತು. ಒಡೆಯುವ ಹೊತ್ತಿಗೆ ದರ ಏರಿತು. ನಾಲ್ವರೂ ಬೇರೆಯವರಿಗೆ ಮಾರಿದರು. ಇಬ್ಬರು ಮುಂಗಡ ವಾಪಸು ಕೊಟ್ಟರು, ಇಬ್ಬರು ಕೊಡಲಿಲ್ಲ. ಕೊಬ್ಬರಿಯೂ ಇಲ್ಲ, ದುಡ್ಡೂ ಇಲ್ಲ.

ಸಾಹುಕಾರರು ಮಂಡಿಯ ಮುಂದೆ, ತಕ್ಕಡಿಯ ಪಕ್ಕ ನಿಂತು ಆ ಮಾತು ಹೇಳಿದರು. ಮಾರನೆಯ ದಿನ ಪೊಲೀಸರು ಅಪ್ಪನನ್ನು ಕರೆಸಿ ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ಕೇಸು ಆಗಲಿಲ್ಲ, ಸಂಜೆ ಮನೆಗೆ ಕಳಿಸಿದರು. ಆದರೆ ಹೆಸರು ಬಿದ್ದಾಗಿತ್ತು. ಅಲ್ಲಿಂದ ಅಪ್ಪ ಮಂಡಿಯ ಬೀದಿಯಲ್ಲಿ ಹೋಗಬೇಕಾದಾಗಲೆಲ್ಲ ಹೆಗಲ ಮೇಲಿನ ಟವೆಲನ್ನು ತಲೆಗೆ ಹೊದ್ದು ಮುಖದ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಬಿಸಿಲಿಗೆ ಅಂದುಕೊಳ್ಳುತ್ತಿದ್ದೆ. ಮೋಡ ಇದ್ದ ದಿನವೂ ಎಳೆದುಕೊಂಡಾಗ ಅರ್ಥವಾಯಿತು.

ನಾನಾಗ ಆರನೇ ಕ್ಲಾಸು. ಒಂದು ದಿನ ಮೇಷ್ಟರು ಬೋರ್ಡಿನ ಮೇಲೆ ಗುಣಾಕಾರದ ಲೆಕ್ಕ ಬರೆದರು. 35 ಗುಣಿಸು 12. ಅದನ್ನು ಬೇಗ ಬಿಡಿಸಿದ ಹುಡುಗ ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದ, ಫೋರ್ ಟ್ವೆಂಟಿ. ಇಡೀ ಕ್ಲಾಸು ತಿರುಗಿ ನನ್ನ ಕಡೆ ನೋಡಿತು. ನಾನು ಸ್ಲೇಟು ಎತ್ತಿ ಎದೆಗೆ ಹಿಡಿದುಕೊಂಡೆ. ನಿನ್ನ ಬ್ಯಾಗು ನೋಡಿದಾಗ ನನಗೆ ಏನೇನು ನೆನಪಾಯಿತು ಎಂದು ಈಗ ನಿನಗೆ ತಿಳಿದಿರಬೇಕು.

ಹದಿನೈದು ವರ್ಷ ಕಳೆದ ಮೇಲೆ, ಟೈಪು ಕೆಲಸ ಹಿಡಿದ ಹೊಸದರಲ್ಲಿ, ಒಬ್ಬ ವಕೀಲರು 415ನೇ ಕಲಂ ಅನ್ನು ಅದರ ಉದಾಹರಣೆಗಳ ಸಮೇತ ಟೈಪು ಮಾಡಲು ಕೊಟ್ಟರು. ಮೆಕಾಲೆಯ ಸಂಹಿತೆಯಲ್ಲಿ ಕಾನೂನಿನ ಕೆಳಗೆ ಸಣ್ಣ ಸಣ್ಣ ಕಥೆಗಳಿರುತ್ತವೆ. ಸುಳ್ಳು ಮಾದರಿ ತೋರಿಸಿ ಸರಕು ಮಾರುವವನ ಕಥೆ, ವಜ್ರವಲ್ಲದ್ದನ್ನು ವಜ್ರವೆಂದು ಅಡವಿಡುವವನ ಕಥೆ. ಹೀಗೇ ಬಡಿಯುತ್ತಾ ಏಳನೆಯದಕ್ಕೆ ಬಂದೆ. ಅದು ನೀಲಿ ಗಿಡದ ಕಥೆ. ಬಟ್ಟೆಗೆ ಹಾಕುವ ಬಣ್ಣಕ್ಕಾಗಿ ನೀಲಿ ಬೆಳೆಯುತ್ತಿದ್ದ ಕಾಲದ್ದು. ಇಷ್ಟು ನೀಲಿ ಗಿಡ ಕೊಡುತ್ತೇನೆ ಎಂದು ನಂಬಿಸಿ ಒಬ್ಬ ಮುಂಗಡ ತೆಗೆದುಕೊಳ್ಳುತ್ತಾನೆ. ಕೊಡುವ ಮನಸ್ಸು ಅವನಿಗೆ ಮೊದಲಿನಿಂದಲೂ ಇಲ್ಲ ಎಂದಾದರೆ ಅದು ವಂಚನೆ. ಆದರೆ ದುಡ್ಡು ತೆಗೆದುಕೊಳ್ಳುವ ಹೊತ್ತಿನಲ್ಲಿ ಕೊಡುವ ಮನಸ್ಸೇ ಇದ್ದು, ಆಮೇಲೆ ಕೊಡದೆ ಮಾತು ತಪ್ಪಿದರೆ ಅದು ವಂಚನೆಯಲ್ಲ. ಕರಾರು ಮುರಿದದ್ದಕ್ಕೆ ಸಿವಿಲ್ ದಾವೆ ಹಾಕಬಹುದು, ಅಷ್ಟೇ.

ನನ್ನ ಬೆರಳು ನಿಂತವು. ನೀಲಿ ಎಂಬಲ್ಲಿ ಕೊಬ್ಬರಿ ಎಂದು ಓದಿದೆ. ಆ ಬೀದಿಯಲ್ಲಿ ಆ ಅಂಕಿಯನ್ನು ಅಪ್ಪನ ಹಣೆಗೆ ಬರೆದರಲ್ಲ, ಆ ಅಂಕಿಯ ಬುಡದಲ್ಲೇ ಅಪ್ಪ ನಿರ್ದೋಷಿ ಎಂದು 1860ರಿಂದ ಬರೆದಿಟ್ಟಿತ್ತು. ಮಂಡಿಯವರಿಗೆ, ಮೇಷ್ಟರಿಗೆ, ನಮ್ಮ ನೆಂಟರಿಗೆ, ಯಾರಿಗೂ ಅದು ಗೊತ್ತಿರಲಿಲ್ಲ. ಆಮೇಲೆ 2000ದ ಸುಮಾರಿಗೆ ಸುಪ್ರೀಂ ಕೋರ್ಟು ಕೂಡ ಬಿಹಾರದ ಒಂದು ಪ್ರಕರಣದಲ್ಲಿ ಇದನ್ನೇ ಬಿಡಿಸಿ ಹೇಳಿತು. ಮೋಸದ ಉದ್ದೇಶ ಆರಂಭದಲ್ಲೇ ಇದ್ದಿರಬೇಕು, ಮಾತು ತಪ್ಪಿದವರೆಲ್ಲ ವಂಚಕರಲ್ಲ. ವಕೀಲರು ಅದನ್ನು ಇವತ್ತಿಗೂ ವಾದದಲ್ಲಿ ಎತ್ತುತ್ತಾರೆ.

ರೈಲಿನಲ್ಲಿ ನಾವು ಜಗಳವಾಡಿದ್ದು ಮಾತು ಎಲ್ಲಿಂದ ಬಂತು ಎಂದು. ನನ್ನ ಮೇಜಿನ ಮುಂದೆ ಮೂವತ್ತೊಂದು ವರ್ಷದಿಂದ ನಡೆಯುತ್ತಿರುವ ಜಗಳ ಬೇರೆ, ಅದು ಯಾರಿಗೆ ಸಲ್ಲುತ್ತದೆ ಎಂಬುದು. ಜನರ 420 ದುಡ್ಡು ವಾಪಸು ಬರಲಿಲ್ಲವೇ ಎಂದು ಕೇಳುತ್ತದೆ. ಕಾನೂನಿನ 420 ದುಡ್ಡು ಪಡೆದ ದಿನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುತ್ತದೆ. ಬೋರ್‌ವೆಲ್ ಬತ್ತಿ ಸಾಲ ಕಟ್ಟಲಾಗದವನೂ, ಸುಳ್ಳು ಕಂಪನಿಯ ಬೋರ್ಡು ತೂಗುಹಾಕಿ ನೂರು ಜನರ ದುಡ್ಡು ಎತ್ತಿದವನೂ ಬೀದಿಗೆ ಒಂದೇ. ನನ್ನ ಹತ್ತಿರ ದೂರು ಬರೆಸಲು ಬಂದವರನ್ನು ನಾನು ಒಂದು ಪ್ರಶ್ನೆ ಕೇಳದೆ ಟೈಪು ಶುರು ಮಾಡುವುದಿಲ್ಲ. "ಅವನು ದುಡ್ಡು ಈಸ್ಕೊಂಡ ದಿನವೇ ಕೊಡೋ ಮನಸ್ಸಿರ್ಲಿಲ್ಲ ಅಂತ ನಿಮಗೆ ಅನ್ನಿಸುತ್ತಾ?" ಕೆಲವರು ಥಟ್ಟನೆ ಹೌದು ಎನ್ನುತ್ತಾರೆ. ಕೆಲವರು ಸುಮ್ಮನಾಗುತ್ತಾರೆ, ನೆಲ ನೋಡುತ್ತಾರೆ. ಒಬ್ಬ ರೈತರು ಹಾಗೆ ನೆಲ ನೋಡಿದವರು ಎದ್ದು, "ಇಲ್ಲ ಸಾಮಿ, ಅವನ ಹೆಂಡ್ತಿ ಕಾಯಿಲೆ ಬಿದ್ಲು, ಅಲ್ಲಿಂದ ಕೆಟ್ಟ. ಇದು ಬ್ಯಾಡ ಬಿಡಿ" ಎಂದು ಹೋದರು. ಕೆಲಸ ಹೋದರೂ ಆ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಈಗ ಆ ಅಂಕಿಗೆ ಪುಸ್ತಕದಲ್ಲಿ ಜಾಗವೇ ಹೋಗಿದೆ, ನಿನಗೆ ತಿಳಿದಿರಬಹುದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಹಳೆಯದರಲ್ಲಿ 511 ಕಲಂ, ಹೊಸದರಲ್ಲಿ 358. ವಂಚನೆ ಈಗ 318, ಹಳೆಯ 420ರ ಅಪರಾಧ 318ರ 4ನೇ ಉಪಕಲಂ. ಏಳು ವರ್ಷದ ಶಿಕ್ಷೆ ಹಾಗೇ ಉಳಿದಿದೆ. 420 ಎಂಬ ಕಲಂ ಹೊಸ ಪುಸ್ತಕದಲ್ಲಿ ಇಲ್ಲವೇ ಇಲ್ಲ, ಅಂಕಿ ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಹೊಸ ಕಾನೂನು ಬಂದ ವಾರವೇ ಚೀಟಿ ದುಡ್ಡು ಕಳೆದುಕೊಂಡ ಒಬ್ಬ ಹೆಣ್ಣುಮಗಳು ಬಂದಳು. ಬೀಡಿ ಕಟ್ಟಿ, ತಿಂಗಳಿಗೆ ಎರಡು ಸಾವಿರದಂತೆ ಕಟ್ಟಿದ್ದಳು. ಸೀರೆಯ ಸೆರಗಿನ ಗಂಟು ಬಿಚ್ಚಿ, ಸಣ್ಣ ಪಾಸ್‌ಬುಕ್ಕು ತೆಗೆದು ಮೇಜಿನ ಮೇಲಿಟ್ಟಳು. ಪುಟಪುಟಕ್ಕೂ ಚೀಟಿ ನಡೆಸಿದವನ ನೀಲಿ ಇಂಕಿನ ಸಹಿ. "ಅಣ್ಣಾ, ಫೋರ್ ಟ್ವೆಂಟಿ ಹಾಕು" ಎಂದಳು. "ಈಗ ಅದು 318ರ 4 ಆಗಿದೆಯಮ್ಮ" ಎಂದೆ. ಅವಳ ಮುಖ ಸಪ್ಪಗಾಯಿತು. "ಅಂಗಂದ್ರೆ ಏನು? ಅದ್ರಾಗೆ ಅವನು ಮೋಸಗಾರ ಅಂತ ಬತ್ತದಾ?" ಬರುತ್ತದೆ ಎಂದೆ. ಆಮೇಲೆ ಪಾಸ್‌ಬುಕ್ಕಿನ ದಿನಾಂಕ ನೋಡಿದೆ. ಕೊನೆಯ ಕಂತು 2023ರಲ್ಲಿ ಕಟ್ಟಿದ್ದು, ಅವನು ಊರು ಬಿಟ್ಟದ್ದೂ ಆಗಲೇ. ಹಳೆಯ ದಿನದ ಅಪರಾಧಕ್ಕೆ ಹಳೆಯ ಕಾನೂನೇ ಸಲ್ಲುತ್ತದೆ. "ಇಲ್ಲ ತಾಯಿ, ನಿನ್ನದಕ್ಕೆ 420ಯೇ" ಎಂದು ಹೇಳಿ ಟೈಪು ಮಾಡಿದೆ. ಅವಳಿಗೆ ಓದು ಬರದು. ಆದರೂ ಹಾಳೆ ಈಸಿಕೊಂಡು, "ಎಲ್ಲಯ್ತೆ ತೋರ್ಸಣ್ಣ" ಎಂದಳು. ನಾನು ತೋರಿಸಿದ ಜಾಗದ ಮೇಲೆ ಬೆರಳಿಟ್ಟುಕೊಂಡು, ಬೆರಳು ತೆಗೆಯದೆಯೇ ಇನ್ನೊಂದು ಕೈಯ ಹೆಬ್ಬೆಟ್ಟು ಒತ್ತಿದಳು.

ಇನ್ನು ಕೆಲವು ವರ್ಷಕ್ಕೆ ಅಂಥ ಹಳೆಯ ದೂರುಗಳೂ ಮುಗಿಯುತ್ತವೆ. ಆಮೇಲೆ ಆ ಅಂಕಿ ಇರುವುದು ಜನರ ಬಾಯಿಯಲ್ಲಿ, ಮತ್ತು ನಿನ್ನಂಥವರ ಅಂಗಿಯ ಮೇಲೆ. ಅಂಗಿ ಬಿಚ್ಚಿಡು ಎನ್ನಲು ನಾನು ಯಾರೂ ಅಲ್ಲ. ಗಾಂಜಾದ ಬಗ್ಗೆಯೂ ಉಪದೇಶ ಮಾಡುವುದಿಲ್ಲ, ಅದಕ್ಕೆ ನಿನ್ನ ಮನೆಯಲ್ಲಿ ಹಿರಿಯರಿದ್ದಾರೆ. ಕೇಳಿಕೊಳ್ಳುವುದು ಇಷ್ಟೇ. ಯಾರಾದರೂ ನಿನ್ನ ಅಂಗಿಯ ಅಂಕಿ ಏನು ಎಂದರೆ ಪೊಲೀಸ್ ಕೋಡು ಎನ್ನಬೇಡ, ಸಿಗದ ಗಿಡ ಹುಡುಕಿದ ಐದು ಹುಡುಗರ ಕಥೆ ಹೇಳು. ಗುಬ್ಬಿಯ ಅಜ್ಜಿಯಂಥವರು ಕೇಳಿದರೆ ಇನ್ನೊಂದು 420ರ ಕಥೆಯನ್ನೂ ಹೇಳು, ಅವರಿಗೆ ಗೊತ್ತಿರುವುದು ಅದು. ನಾಳೆ ನಿನ್ನ ಗೆಳೆಯನೊಬ್ಬ ಸಾಲ ತಿರುಗಿಸಲಾಗದೆ ಮುಖ ತಪ್ಪಿಸಿಕೊಂಡು ಓಡಾಡಿದರೆ, ಆ ಮಾತು ಬಾಯಿಗೆ ಬರುವ ಮುಂಚೆ ನೀಲಿ ಗಿಡದ ಕಥೆ ನೆನೆಸಿಕೊ.

ಅಪ್ಪ ಆ ಆರು ಸಾವಿರದಲ್ಲಿ ಉಳಿದಿದ್ದ ಬಾಕಿಯನ್ನು ಬಡ್ಡಿ ಸಮೇತ ಒಂಬತ್ತು ವರ್ಷ ತೀರಿಸಿದರು. ಐವತ್ತು, ನೂರು, ಒಮ್ಮೊಮ್ಮೆ ಇಪ್ಪತ್ತೈದು. ಕೆಂಪು ರಟ್ಟಿನ ಒಂದು ನೋಟ್ ಪುಸ್ತಕದಲ್ಲಿ ಪ್ರತಿ ಸಲವೂ ಸಾಹುಕಾರರ ಸಹಿ ಹಾಕಿಸಿದ್ದಾರೆ. ಕೊನೆಯ ಪುಟದಲ್ಲಿ 1988ರ ಒಂದು ದಿನಾಂಕ, ಅದರ ಕೆಳಗೆ ಸಾಹುಕಾರರ ಕೈಬರಹದಲ್ಲಿ 'ಬಾಕಿ ಚುಕ್ತಾ' ಎಂದಿದೆ. ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ಬಹಳ ದಿನ ಮಂಡಿಯ ಬೀದಿಯ ಟೀ ಅಂಗಡಿಯಲ್ಲಿ ಕೂತು ಬರುತ್ತಿದ್ದರು. ಯಾರಾದರೂ ಕೇಳಿದರೆ ತೋರಿಸೋಣ ಎಂದು. ಯಾರೂ ಕೇಳಲಿಲ್ಲ. ಈಗ ಅದು ನನ್ನ ಮೇಜಿನ ಡ್ರಾಯರಿನಲ್ಲಿದೆ. ತಿಪಟೂರಿನ ಕಡೆ ಬಂದರೆ ಇಳಿ, ಹೊಂಗೆ ಮರದ ಕೆಳಗಿನ ಮೂರನೇ ಮೇಜು. ಅದೇ ಅಂಗಿ ಹಾಕಿಕೊಂಡು ಬಾ, ಬ್ಯಾಗು ಬೆನ್ನ ಮೇಲಿರಲಿ. ಆ ಪುಸ್ತಕ ನೀನು ನೋಡಬೇಕು.

ಇಂತಿ ನಿನ್ನ ಹಿತ ಬಯಸುವ,
ರೈಲಿನಲ್ಲಿ ನಿನ್ನೆದುರು ಕೂತಿದ್ದ ಟೈಪಿಸ್ಟು